ಬೋರ್ಡಿನಲ್ಲಿ ಚಾಮರಾಜೇಂದ್ರ, ಬಾಯಲ್ಲಿ ಕಬ್ಬನ್: ಒಂದು ಪಾರ್ಕಿನ ಪ್ರಕರಣ

ಹೋದ ತಿಂಗಳು ಬಸವನಗುಡಿಯಲ್ಲಿ ಆಟೋ ಹತ್ತಿದಾಗ ಒಂದು ಚಿಕ್ಕ ಪರೀಕ್ಷೆ ಮಾಡೋಣ ಅನ್ನಿಸಿತು. "ಶ್ರೀ ಚಾಮರಾಜೇಂದ್ರ ಪಾರ್ಕಿಗೆ ನಡೀರಿ ಅಣ್ಣ" ಅಂದೆ. ಅವರು ತಿರುಗಿ ನನ್ನ ಮುಖ ನೋಡಿದರು.

"ಅದೆಲ್ಲಿ ಬರುತ್ತೆ ಸಾರ್? ಮೈಸೂರು ಝೂ ಹೆಸರಲ್ವಾ ಅದು?"

ಅವರು ಹೇಳಿದ್ದು ತಪ್ಪೇನಲ್ಲ. ಮೈಸೂರಿನ ಝೂಗೆ ಶ್ರೀ ಚಾಮರಾಜೇಂದ್ರ ಮೃಗಾಲಯ ಅಂತಲೇ ಹೆಸರು. 1892ರಲ್ಲಿ ಅದನ್ನು ಶುರುಮಾಡಿದ್ದೂ ಅದೇ ಚಾಮರಾಜೇಂದ್ರ ಒಡೆಯರು. ನಾನು ಸೋತು "ಕಬ್ಬನ್ ಪಾರ್ಕ್" ಅಂದೆ. "ಹಂಗನ್ನಿ ಮತ್ತೆ" ಅಂತ ಗಾಡಿ ಸ್ಟಾರ್ಟ್ ಮಾಡಿದರು.

ಈ ಪಾರ್ಕಿನ ಅಧಿಕೃತ ಹೆಸರು 1927ರಿಂದ ಶ್ರೀ ಚಾಮರಾಜೇಂದ್ರ ಪಾರ್ಕ್. ಅಂದರೆ ಹತ್ತಿರ ಹತ್ತಿರ ನೂರು ವರ್ಷ. ಅಷ್ಟು ವರ್ಷದಲ್ಲಿ ಆ ಹೆಸರು ಕಡತದಿಂದ ಇಳಿದು ಜನರ ಬಾಯಿಗೆ ಬರಲೇ ಇಲ್ಲ. ತಮಾಷೆ ಏನಂದ್ರೆ, ಬ್ರಿಟಿಷರ ಹೆಸರು ಯಾಕೆ ಇನ್ನೂ, ಬದಲಿಸಿ ಅನ್ನುವ ಮಾತು ಆಗಾಗ ಏಳುತ್ತದೆ. ಹಾಗೆ ಹೇಳುವವರಲ್ಲಿ ಎಷ್ಟೋ ಜನಕ್ಕೆ ಅದು ಬದಲಾಗಿ ಮೂರು ತಲೆಮಾರು ಕಳೆದದ್ದೇ ಗೊತ್ತಿಲ್ಲ. ಹಾಗಾಗಿ ಹೆಸರು ಬದಲಿಸಬೇಕೋ ಬೇಡವೋ ಅನ್ನುವ ಜಗಳ ಇಲ್ಲಿ ಬೇಡ. ಒಬ್ಬರನ್ನು ನೆನೆಯಲಿ ಅಂತ ಇಟ್ಟ ಹೆಸರು, ನಿಲ್ಲಿಸಿದ ಕಲ್ಲು, ಕಟ್ಟಿದ ಕಟ್ಟಡ, ಇವುಗಳಲ್ಲಿ ಯಾವುದು ಊರಿಗೆ ಹತ್ತುತ್ತದೆ, ಯಾವುದು ಹತ್ತುವುದಿಲ್ಲ, ಅದನ್ನು ಒಂದೇ ಪಾರ್ಕ್ ಇಟ್ಟುಕೊಂಡು ನೋಡಬಹುದು. ಕಬ್ಬನ್ ಪಾರ್ಕಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಪಾರ್ಕಿಗೆ ಮೂರು ಹೆಸರು

ಮೊದಲು ಹಿನ್ನೆಲೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ಈಗಿನ ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದದ್ದು ಅದಕ್ಕೆ ಸಿಕ್ಕ ನೆಪ. ಅಲ್ಲಿಂದ ಐವತ್ತು ವರ್ಷ ಕಮಿಷನರ್‌ಗಳ ಆಡಳಿತ, ಅದೂ ಬೆಂಗಳೂರಿನಿಂದ. ಅವರಲ್ಲಿ ಜಾಸ್ತಿ ಕಾಲ ಕೂತವರು ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ, ಇಪ್ಪತ್ತೇಳು ವರ್ಷ! ಈಗ ರಾಜಭವನ ಅಂತ ಕರೆಯುವ ಕಟ್ಟಡ ಅವರು ತಮ್ಮ ವಾಸಕ್ಕೆ 1840ರ ಸುಮಾರಿಗೆ ಕಟ್ಟಿಸಿಕೊಂಡ ಮನೆ. ಇಂಗ್ಲೆಂಡ್ ಐರ್ಲೆಂಡ್ ನಡುವೆ ಐಲ್ ಆಫ್ ಮ್ಯಾನ್ ಅನ್ನುವ ದ್ವೀಪ ಇದೆ. ಅಲ್ಲಿ ಹುಟ್ಟಿದ ಮನುಷ್ಯ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಮದ್ರಾಸ್ ಸೈನ್ಯ ಸೇರಿ ಬಂದವರು, ಎಂಬತ್ತೈದರಲ್ಲಿ ಊರಿಗೆ ಹೊರಟರು. ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕಬ್ಬನ್ ಸತ್ತದ್ದು 1861, ಪಾರ್ಕ್ ಆದದ್ದು 1870. ತಮ್ಮ ಹೆಸರಿನ ಪಾರ್ಕನ್ನು ಅವರು ಕಣ್ಣಿಂದ ನೋಡಿಲ್ಲ, ಅದಕ್ಕಾಗಿ ಒಂದು ಗಿಡವನ್ನೂ ನೆಟ್ಟಿಲ್ಲ.

ಪಾರ್ಕ್ ಮಾಡಿದವರು ರಿಚರ್ಡ್ ಸ್ಯಾಂಕಿ, ಆಗಿನ ಮೈಸೂರಿನ ಚೀಫ್ ಇಂಜಿನಿಯರ್. ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳ ಕಚೇರಿ, ಈಗಿನ ಹೈಕೋರ್ಟಿನ ಕೆಂಪು ಕಟ್ಟಡ, ಅದೂ ಅವರದೇ. ಅದು 1868ರಲ್ಲಿ ಮುಗಿಯಿತು. ಅದರ ಹಿಂದಿನ ಸುಮಾರು ನೂರು ಎಕರೆಯಲ್ಲಿ ಪಾರ್ಕ್ ಶುರುವಾಯಿತು. ಆಮೇಲೆ ಬೆಳೆದು ಮುನ್ನೂರು ಎಕರೆ ಮುಟ್ಟಿತು, ಮತ್ತೆ ಅಲ್ಲೊಂದು ಕ್ಲಬ್ಬು, ಇಲ್ಲೊಂದು ಕಟ್ಟಡ ಅಂತ ಒಳಗಿಂದಲೇ ಕರಗುತ್ತಾ ಬಂತು. ಸ್ಯಾಂಕಿ ಹೆಸರು ಪಾರ್ಕಿನಲ್ಲಿ ಉಳಿಯಲಿಲ್ಲ. ಮಲ್ಲೇಶ್ವರದ ಪಕ್ಕದ ಕೆರೆಯಲ್ಲಿ ಉಳಿಯಿತು. ಗಂಧದ ಕೋಠಿ ಕೆರೆ ಅನ್ನುವ ಹೆಸರು ಹೋಗಿ ಸ್ಯಾಂಕಿ ಕೆರೆ ಆಗಿ ಕೂತುಬಿಟ್ಟಿತು.

ಪಾರ್ಕಿಗೆ ಮೊದಲು ಇಟ್ಟದ್ದು ಮೀಡ್ಸ್ ಪಾರ್ಕ್ ಅನ್ನುವ ಹೆಸರು. ಮೀಡ್ ಆಗ ಅಧಿಕಾರದಲ್ಲಿದ್ದ ಸಾಹೇಬರು. ಅವರು ಹೋದರು, ಹೆಸರೂ ಹೋಯಿತು. ಈಗ ಬೆಂಗಳೂರಲ್ಲಿ ಯಾರನ್ನಾದರೂ ನಿಲ್ಲಿಸಿ ಮೀಡ್ ಯಾರು ಅಂತ ಕೇಳಿ ನೋಡಿ. ಆಮೇಲೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿತು. ಆ ಬೆಳ್ಳಿಹಬ್ಬದ ನೆನಪಿಗೆ ಅವರ ತಂದೆಯ ಹೆಸರನ್ನು ಪಾರ್ಕಿಗೆ ಇಟ್ಟರು.

ಈ ಹೆಸರು ಸುಮ್ನೆ ಆರಿಸಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಕಬ್ಬನ್ ಅಂದರೆ ಒಡೆಯರ ಕೈಯಲ್ಲಿ ಅಧಿಕಾರ ಇಲ್ಲದ ಕಾಲ. ಚಾಮರಾಜೇಂದ್ರ ಅಂದರೆ 1881ರಲ್ಲಿ ಅಧಿಕಾರ ವಾಪಸ್ ಬಂದಾಗ ಗದ್ದುಗೆಯಲ್ಲಿದ್ದವರು. ಆಗ ಅವರಿಗೆ ಹದಿನೆಂಟು ವರ್ಷ. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1894ರ ಕೊನೆಯಲ್ಲಿ ಕಲ್ಕತ್ತಾಗೆ ಹೋದವರು ಗಂಟಲುಮಾರಿ ತಗುಲಿ ಅಲ್ಲೇ ತೀರಿಕೊಂಡರು. ವಯಸ್ಸು ಮೂವತ್ತೊಂದು. ಆ ಹೆಸರನ್ನು ಕಬ್ಬನ್ ಹೆಸರಿನ ಮೇಲೆ ಇಡುವುದು ಅಂದರೆ ಒಂದು ಲೆಕ್ಕ ಚುಕ್ತಾ ಮಾಡಿದ ಹಾಗೆ. ಆದರೆ ಅದು ಅರಮನೆಯ ಲೆಕ್ಕ. ಪೇಟೆಯ ಜನಕ್ಕೆ ಅದರ ಬಿಸಿ ಎಷ್ಟು ತಟ್ಟಿತೋ!

ಸುತ್ತಲ ರಸ್ತೆಗಳೆಲ್ಲ ಬದಲಾದವು

ಜನಕ್ಕೆ ಹಳೆ ಹೆಸರು ಅಭ್ಯಾಸ ಆಗಿಬಿಟ್ಟಿರುತ್ತೆ, ಅದಕ್ಕೇ ಹೊಸದು ಹತ್ತಲಿಲ್ಲ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಪಾರ್ಕಿನ ಸುತ್ತ ಒಂದು ಸುತ್ತು ಬಂದರೆ ಆ ಮಾತು ನಿಲ್ಲುವುದಿಲ್ಲ.

ಮ್ಯೂಸಿಯಂ ಇರುವ ರಸ್ತೆ ಮೊದಲು ಸಿಡ್ನಿ ರೋಡ್ ಆಗಿತ್ತು, ಈಗ ಕಸ್ತೂರಬಾ ರಸ್ತೆ. ಕಾರ್ಪೊರೇಷನ್ ಕಡೆಯಿಂದ ಕೆ.ಆರ್. ಸರ್ಕಲ್‌ಗೆ ಬರುವ ರಸ್ತೆ ಸೆನೊಟಾಫ್ ರೋಡ್ ಆಗಿತ್ತು, ಈಗ ನೃಪತುಂಗ ರಸ್ತೆ. ಗ್ರಾಂಟ್ ರೋಡ್ ವಿಟ್ಠಲ್ ಮಲ್ಯ ರಸ್ತೆ ಆಯಿತು. ವಿಕ್ಟೋರಿಯಾ ಪ್ರತಿಮೆಯ ಎದುರಿಂದ ಹೊರಡುವ ಸೌತ್ ಪರೇಡ್ ಎಂ.ಜಿ. ರೋಡ್ ಆಯಿತು. ಇವೆಲ್ಲ ಹತ್ತಿದವು. ಸೌತ್ ಪರೇಡ್ ಅಂತ ಈಗ ಹೇಳುವವರು ಹಳೇ ಬೆಂಗಳೂರಿನ ಬಗ್ಗೆ ಭಾಷಣ ಮಾಡುವವರು ಮಾತ್ರ. ಅಂದರೆ ಪಾರ್ಕಿನ ಸುತ್ತ ಹೆಸರು ಬದಲಾಗಿ ಜನ ಒಪ್ಪಿಕೊಂಡರು, ನಡುವೆ ಇರುವ ಪಾರ್ಕಿನ ಹೆಸರನ್ನು ಮಾತ್ರ ಒಪ್ಪಲಿಲ್ಲ. ಅಭ್ಯಾಸ ಅನ್ನುವುದು ಎರಡಕ್ಕೂ ಒಂದೇ ಅಲ್ವಾ?

ಅರಸರ ಹೆಸರಿನ ಮೇಲೆ ಜನಕ್ಕೆ ಪ್ರೀತಿ ಇರಲಿಲ್ಲವೋ ಅಂದರೆ ಅದೂ ಅಲ್ಲ. ಇದೇ ಚಾಮರಾಜೇಂದ್ರರ ಹೆಸರಿನಲ್ಲಿ 1892ರಲ್ಲಿ ಚಾಮರಾಜಪೇಟೆ ಆಯಿತು. ಅದನ್ನು ಬೇರೆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಒಂದೇ ಊರು, ಒಬ್ಬರೇ ಅರಸರು, ಒಂದೇ ಹೆಸರು. ಪೇಟೆಯಲ್ಲಿ ಹತ್ತಿತು, ಪಾರ್ಕಿನಲ್ಲಿ ಹತ್ತಲಿಲ್ಲ. ಅತ್ತ ಹಳೇ ಪೇಟೆಯೊಳಗೆ ಕಬ್ಬನ್‌ಪೇಟೆ ಅಂತ ಒಂದು ಬೀದಿ ಇದೆ. ಮಗ್ಗದ ಸದ್ದಿನ ಬೀದಿ ಅದು, ಅದನ್ನೂ ಯಾರೂ ಮುಟ್ಟಲಿಲ್ಲ.

ನನಗೆ ಹೊಳೆದ ಕಾರಣ ತುಂಬಾ ಸಾದಾ. ಪೇಟೆಯಲ್ಲಿ, ರಸ್ತೆಯಲ್ಲಿ ಜನ ವಾಸ ಮಾಡುತ್ತಾರೆ. ಅಂಗಡಿ ಬೋರ್ಡಿಗೆ ಹೆಸರು ಬರೆಸಬೇಕು. ಮದುವೆ ಕಾರ್ಡಿನಲ್ಲಿ ಹಾಕಿಸಬೇಕು. ಕಾಗದ ಬರಬೇಕು, ಕರೆಂಟ್ ಬಿಲ್ ಬರಬೇಕು, ರೇಷನ್ ಕಾರ್ಡಿನಲ್ಲಿ ಸರಿಯಾಗಿರಬೇಕು. ಹೆಸರು ಬದಲಾದ ಹತ್ತು ವರ್ಷದಲ್ಲಿ ಒಂದು ರಸ್ತೆಯ ಜನ ಹೊಸ ಹೆಸರನ್ನು ಎಷ್ಟು ಸಾವಿರ ಸಲ ಬರೆದಿರುತ್ತಾರೋ. ಪಾರ್ಕಿನಲ್ಲಿ ಯಾರ ಮನೆಯೂ ಇಲ್ಲ. ಪಾರ್ಕಿಗೆ ಯಾರೂ ಕಾಗದ ಬರೆಯುವುದಿಲ್ಲ. ಅದರ ಹೆಸರು ಬರೀ ಬಾಯಲ್ಲಿ ಓಡಾಡುತ್ತದೆ, ಬಾಯಿಗೆ ಉದ್ದ ಹೆಸರು ಆಗುವುದಿಲ್ಲ. ಶ್ರೀ ಚಾಮರಾಜೇಂದ್ರ ಪಾರ್ಕ್ ಅನ್ನುವಷ್ಟರಲ್ಲಿ ಬಸ್ ಹೊರಟುಹೋಗಿರುತ್ತೆ. ಕೃಷ್ಣರಾಜ ಮಾರ್ಕೆಟ್ಟಿಗೆ ಕೆ.ಆರ್. ಅಂತ ಮೊಟಕು ಸಿಕ್ಕಿತು, ಮಹಾತ್ಮ ಗಾಂಧಿ ರಸ್ತೆಗೆ ಎಂ.ಜಿ. ಸಿಕ್ಕಿತು. ಚಾಮರಾಜೇಂದ್ರಕ್ಕೆ ಅಂಥ ಮೊಟಕು ಹುಟ್ಟಲಿಲ್ಲ. ಕಬ್ಬನ್ ಅನ್ನುವುದೋ, ಕಬ್ಬು, ಕಬ್ಬಿಣ, ಕಬ್ಬ ಅಂತೆಲ್ಲ ಹೇಳಿ ಅಭ್ಯಾಸ ಆದ ನಾಲಿಗೆಗೆ ನಮ್ಮದೇ ಮಾತಿನ ಹಾಗೆ ಕೇಳುತ್ತದೆ. ಮೀಡ್‌ಗೆ ಆ ಅದೃಷ್ಟ ಇರಲಿಲ್ಲ.

ಈ ವಾದಕ್ಕೆ ಒಂದು ತೂತು ಇದೆ, ಮುಚ್ಚಿಡುವುದಿಲ್ಲ. ರೆಸಿಡೆನ್ಸಿ ರೋಡಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಅಂತ ಹೆಸರಿಟ್ಟು ಎಷ್ಟೋ ವರ್ಷ ಆಯಿತು. ಅಲ್ಲಿ ಅಂಗಡಿಗಳಿವೆ, ಆಫೀಸುಗಳಿವೆ, ವಿಳಾಸ ಬರೆಯುವವರಿದ್ದಾರೆ. ಆದರೂ ಅದು ರೆಸಿಡೆನ್ಸಿ ರೋಡೇ. ಅಲ್ಲೂ ಉದ್ದದ ಸಮಸ್ಯೆ ಇರಬಹುದು. ಎಲ್ಲದಕ್ಕೂ ಒಂದೇ ಸೂತ್ರ ಸಿಗುತ್ತೆ ಅಂತ ನಾನಂತೂ ಹೇಳಲ್ಲ.

ಇನ್ನೊಂದು ಕಡೆ ನೋಡಿ. ನಂದಿಬೆಟ್ಟದ ಮೇಲೆ ಕಬ್ಬನ್ ಬೇಸಿಗೆಗೆ ಅಂತ ಕಟ್ಟಿಸಿಕೊಂಡ ಬಂಗಲೆ ಇದೆ. ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟು ಸುಧಾರಿಸಿಕೊಳ್ಳೋಕೆ ಅಲ್ಲಿಗೆ ಬಂದು ಇದ್ದರು. ಅದೀಗ ಗಾಂಧಿ ನಿಲಯ. ಆ ಹೆಸರು ಹತ್ತಿತು, ಯಾಕಂದ್ರೆ ಅಲ್ಲಿ ಗಾಂಧಿ ನಿಜವಾಗಿ ಇದ್ದರು. ಒಂದೇ ವರ್ಷ, ಒಂದೇ ಕಬ್ಬನ್, ಎರಡು ಬೇರೆ ಫಲ.

ಇದರ ಮೇಲೆ ಒಗ್ಗರಣೆ ಅಂದರೆ ಮೆಟ್ರೊ. 2016ರಲ್ಲಿ ನೆಲದೊಳಗಿನ ಸ್ಟೇಷನ್‌ಗಳು ತೆರೆದವು. ವಿಧಾನಸೌಧದ ಸ್ಟೇಷನ್‌ಗೆ ಅಂಬೇಡ್ಕರ್ ಹೆಸರು ಸೇರಿತು, ಸೆಂಟ್ರಲ್ ಕಾಲೇಜಿನದಕ್ಕೆ ವಿಶ್ವೇಶ್ವರಯ್ಯನವರ ಹೆಸರು, ಮೆಜೆಸ್ಟಿಕ್‌ನದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು. ಪಾರ್ಕಿನ ಸ್ಟೇಷನ್ ಬಂದಾಗ ರೈಲಿನಲ್ಲಿ ಕೇಳುವುದು ಕಬ್ಬನ್ ಪಾರ್ಕ್ ಅಂತಲೇ. ಬಾಯಲ್ಲಷ್ಟೇ ಇದ್ದ ಹೆಸರು ಈಗ ಸ್ಟೀಲಿನ ಬೋರ್ಡಿಗೂ ಬಂತು.

ಕಲ್ಲಿನವರು

ಈಗ ಪ್ರತಿಮೆಗಳಿಗೆ ಬರೋಣ. ಎಂ.ಜಿ. ರೋಡಿನ ತುದಿಯಲ್ಲಿ ವಿಕ್ಟೋರಿಯಾ ರಾಣಿ, ಬಿಳಿ ಅಮೃತಶಿಲೆ. ಶಿಲ್ಪಿ ಥಾಮಸ್ ಬ್ರಾಕ್. 1906ರ ಫೆಬ್ರುವರಿಯಲ್ಲಿ ಆಗಿನ ಯುವರಾಜ, ಮುಂದೆ ಐದನೇ ಜಾರ್ಜ್ ಆದವರು, ಬಂದು ಪರದೆ ಸರಿಸಿದರು. ಒಂದು ಕಡೆ ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್, ಇನ್ನೊಂದು ಕಡೆ ಪೇಟೆ, ಎರಡರ ಗಡಿಯಲ್ಲಿ ನಿಂತ ಪ್ರತಿಮೆ ಅದು. ರಾಣಿಯ ಮಗ ಏಳನೇ ಎಡ್ವರ್ಡ್‌ನ ಪ್ರತಿಮೆ 1919ರದು, ಲಿಯೊನಾರ್ಡ್ ಜೆನ್ನಿಂಗ್ಸ್ ಕೆತ್ತಿದ್ದು. ಕೊಳದ ಪಕ್ಕ ಚಾಮರಾಜೇಂದ್ರ ಒಡೆಯರು. ಕೆಂಪು ಲೈಬ್ರರಿಯ ಮುಂದೆ ದಿವಾನ್ ಶೇಷಾದ್ರಿ ಅಯ್ಯರ್, ಅದನ್ನು ವೈಸರಾಯ್ ಹಾರ್ಡಿಂಜ್ 1913ರಲ್ಲಿ ಅನಾವರಣ ಮಾಡಿದರು.

ಇವರಲ್ಲಿ ಯಾರು ಬೆಂಗಳೂರಲ್ಲಿ ಹುಟ್ಟಿದವರು ಹೇಳಿ? ಒಬ್ಬರೂ ಇಲ್ಲ. ಒಡೆಯರು ಮೈಸೂರು. ಶೇಷಾದ್ರಿ ಅಯ್ಯರ್ ಪಾಲಕ್ಕಾಡ್ ಕಡೆಯವರು, ಮದ್ರಾಸಿನವರಿಗೇ ದೊಡ್ಡ ಕೆಲಸ ಕೊಡ್ತಾರೆ ಅಂತ ಆ ಕಾಲದಲ್ಲಿ ಮೈಸೂರಿನವರಿಗೆ ಅವರ ಮೇಲೆ ಸಿಟ್ಟೂ ಇತ್ತು. ವಿಕ್ಟೋರಿಯಾ ಭಾರತಕ್ಕೆ ಕಾಲೇ ಇಟ್ಟವರಲ್ಲ. ಊರಿನ ನೆನಪಿನ ಪಾರ್ಕ್ ಅಂತ ಹೇಳಿಕೊಳ್ಳುವ ಜಾಗದಲ್ಲಿ ಊರಿನವರೇ ಇಲ್ಲ. ಕೆಂಪೇಗೌಡರು ಸಿಗಬೇಕಾದರೆ ಹೊರಗೆ ಬಂದು ಕಾರ್ಪೊರೇಷನ್ ಮುಂದೆ ನಿಲ್ಲಬೇಕು.

ಆ ಜಾಗಕ್ಕೂ ಒಂದು ಕಥೆ ಇದೆ. 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆ ಗೆಲ್ಲುವಾಗ ಸತ್ತ ಬ್ರಿಟಿಷರ ನೆನಪಿಗೆ ಅಲ್ಲೊಂದು ಎತ್ತರದ ಕಂಬ ಇತ್ತು, ಅದೇ ಸೆನೊಟಾಫ್. 1964ರಲ್ಲಿ ಕನ್ನಡ ಹೋರಾಟದ ಬಿಸಿಯಲ್ಲಿ ಅದನ್ನು ಕೆಡವಿದರು, ಕೆಂಪೇಗೌಡರನ್ನು ನಿಲ್ಲಿಸಿದರು. ಆ ಕಂಬದಿಂದ ವಿಕ್ಟೋರಿಯಾ ಪ್ರತಿಮೆಗೆ ಆರಾಮಾಗಿ ನಡೆದು ಹೋಗಬಹುದು. ಕಂಬ ಹೋಯಿತು, ರಾಣಿ ಉಳಿದಳು. ದೇಶದ ಎಷ್ಟೋ ಊರುಗಳಲ್ಲಿ ರಾಣಿಯನ್ನು ಎತ್ತಿ ಮ್ಯೂಸಿಯಂ ಹಿತ್ತಲಿಗೆ ಹಾಕಿದ್ದಾರೆ, ಇಲ್ಲಿ ಮಾತ್ರ ಪಾರಿವಾಳ ತಲೆ ಮೇಲೆ ಕೂರಿಸಿಕೊಂಡು ನಿಂತಿದ್ದಾಳೆ. ಯಾಕೆ ಅಂತ ಬಹಳ ಸಲ ಯೋಚಿಸಿದ್ದೇನೆ. ಸೆನೊಟಾಫ್ ನಮ್ಮ ಸೋಲಿನ ಕಂಬ, ನೋಡಿದಾಗಲೆಲ್ಲ ಚುಚ್ಚುತ್ತಿತ್ತು. ರಾಣಿ ಚುಚ್ಚುವುದಿಲ್ಲ. ಅವಳು ಒಂದು ಗುರುತು ಅಷ್ಟೇ. "ಕ್ವೀನ್ಸ್ ಸ್ಟ್ಯಾಚ್ಯೂ ಹತ್ರ ಸಿಕ್ತೀನಿ" ಅನ್ನುವಾಗ ಯಾರ ತಲೆಯಲ್ಲೂ ಚಕ್ರಾಧಿಪತ್ಯ ಇರುವುದಿಲ್ಲ, ಟ್ರಾಫಿಕ್ ಇರುತ್ತದೆ.

ಕಬ್ಬನ್ ಸಾಹೇಬರ ಪ್ರತಿಮೆಯ ಕಥೆ ಇದಕ್ಕಿಂತ ಸೊಗಸು. ಕುದುರೆ ಮೇಲೆ ಕೂತ ಪ್ರತಿಮೆ, ಮಾಡಿದವರು ಮಾರೊಕೆಟ್ಟಿ ಅನ್ನುವ ಇಟಲಿ ಮೂಲದ ಶಿಲ್ಪಿ. 1866ರಲ್ಲಿ ಪರೇಡ್ ಮೈದಾನದಲ್ಲಿ ನಿಲ್ಲಿಸಿದರು, ಆಮೇಲೆ ಅಠಾರಾ ಕಚೇರಿ ಮುಂದಕ್ಕೆ ತಂದರು. ಅಲ್ಲಿ ಹೈಕೋರ್ಟಿನ ಕಾಂಪೌಂಡಿನೊಳಗೆ ಇದ್ದರು. 2020ರ ಜೂನ್‌ನಲ್ಲಿ ಅಲ್ಲಿಂದ ಎತ್ತಿ ಪಾರ್ಕಿನೊಳಕ್ಕೆ ತಂದು ಇಟ್ಟರು. ತನ್ನ ಹೆಸರಿನ ಪಾರ್ಕಿಗೆ ಮನುಷ್ಯ ಬಂದು ಸೇರೋಕೆ ನೂರೈವತ್ತು ವರ್ಷ ಹಿಡಿಯಿತು! ಅದೇ ತಿಂಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜನ ಗುಲಾಮರ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಯನ್ನು ಉರುಳಿಸಿ ನೀರಿಗೆ ತಳ್ಳಿದ್ದರು. ಇಲ್ಲಿ ಲಾಕ್‌ಡೌನ್ ಮುಗಿದೂ ಮುಗಿಯದ ಹೊತ್ತಲ್ಲಿ ಒಬ್ಬ ಹಳೇ ಕಮಿಷನರ್ ಕುದುರೆ ಸಮೇತ ಮನೆ ಬದಲಾಯಿಸಿದರು. ಊರು ತಲೆ ಕೆಡಿಸಿಕೊಂಡ ಹಾಗೆ ಕಾಣಲಿಲ್ಲ.

ಪೀಠದ ಮೇಲಿನ ಅಕ್ಷರಗಳ ಬಗ್ಗೆ ಒಂದು ದೂರು ಇದೆ ನನಗೆ. ಅವು ಹೇಳುವುದು ಹೆಸರು, ಬಿರುದು, ದಿನಾಂಕ. ಈ ಮನುಷ್ಯ ಇಲ್ಲಿ ಏನು ಮಾಡಿದ, ಯಾರು ದುಡ್ಡು ಹಾಕಿ ನಿಲ್ಲಿಸಿದರು, ಯಾಕೆ ಇಲ್ಲೇ, ಅದನ್ನು ಓದಿ ತಿಳಿದುಕೊಳ್ಳುವ ಹಾಗಿಲ್ಲ. ನಾನು ನಿಂತಿದ್ದಾಗಲೇ ಒಂದು ಸಂಸಾರ ಒಡೆಯರ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಂಡಿತು. ಹುಡುಗ "ಇದ್ಯಾರಪ್ಪಾ?" ಅಂದ. ಅಪ್ಪ "ಮಹಾರಾಜ್ರು ಕಣೋ" ಅಂದರು. ಯಾವ ಮಹಾರಾಜರು ಅಂತ ಹುಡುಗ ಕೇಳಲಿಲ್ಲ, ಕೇಳಿದ್ದರೆ ಅಪ್ಪನ ಕಷ್ಟ ಬೇಡ. ಅವರು ನಿಂತಿದ್ದ ಪಾರ್ಕೇ ಆ ಮಹಾರಾಜರ ಹೆಸರಿನದು.

ಕೆಂಪು ಲೈಬ್ರರಿ

ಪಾರ್ಕಿನಲ್ಲಿ ಸ್ಮಾರಕ ಅಂತ ಕಟ್ಟಿ ನಿಜವಾಗಿ ಗೆದ್ದದ್ದು ಒಂದು, ಅದು ಶೇಷಾದ್ರಿ ಅಯ್ಯರ್ ಮೆಮೋರಿಯಲ್ ಹಾಲ್. 1915ರ ಕಟ್ಟಡ. ಈಗ ರಾಜ್ಯ ಕೇಂದ್ರ ಗ್ರಂಥಾಲಯ.

ಅಯ್ಯರ್ 1883ರಿಂದ 1901ರವರೆಗೆ ದಿವಾನರು. ಬೆಂಗಳೂರಿಗೆ ಅವರು ಮಾಡಿದ್ದನ್ನು ಒಂದೇ ಉಸಿರಲ್ಲಿ ಹೇಳೋದು ಕಷ್ಟ. ಕೆರೆ ಬಾವಿ ನಂಬಿಕೊಂಡಿದ್ದ ಊರಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂದದ್ದು ಅವರ ಕಾಲದಲ್ಲಿ. 1898ರಲ್ಲಿ ಪ್ಲೇಗ್ ಬಂದು ಪೇಟೆ ಖಾಲಿಯಾದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜೀವ ಬಂತು. ಶಿವನಸಮುದ್ರದ ಕರೆಂಟ್ ಕೂಡ ಅವರು ಹಿಡಿದ ಹಟ. 1902ರಲ್ಲಿ ಅದು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆ ದೀಪ ನೋಡೋಕೆ ಅವರೇ ಇರಲಿಲ್ಲ, 1901ರಲ್ಲಿ ಹೋಗಿಬಿಟ್ಟಿದ್ದರು. ಹೆಸರಘಟ್ಟದ ಯೋಜನೆಗೂ ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಅರಸರ ಹೆಸರೇ ಇತ್ತು. ಅದೂ ಕಡತದಲ್ಲೇ ಉಳಿಯಿತು. ಪಾಪ, ಈ ಅರಸರಿಗೆ ಚಾಮರಾಜಪೇಟೆ ಒಂದೇ ಕೈ ಹಿಡಿದದ್ದು.

ಹಾಲಿನ ಒಳಗೆ ಒಂದು ಬೆಳಗ್ಗೆ ಕೂತುಕೊಂಡರೆ ವಿಷಯ ಗೊತ್ತಾಗುತ್ತದೆ. ಎತ್ತರದ ಚಾವಣಿ, ಹಳೇ ಕಾಗದದ ವಾಸನೆ, ಬಾಗಿಲಿನಿಂದ ಬರುವ ಗಾಳಿ. ಮೇಜಿನ ತುಂಬ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಒಬ್ಬಳ ಮುಂದೆ ಇತಿಹಾಸದ ಗೈಡು, ಪಕ್ಕದಲ್ಲಿ ಟಿಫನ್ ಡಬ್ಬಿ, ಅದರ ಮೇಲೆ ಬಳೆ ಬಿಚ್ಚಿ ಇಟ್ಟಿದ್ದಾಳೆ, ಬರೆಯುವಾಗ ಸದ್ದಾಗಬಾರದು ಅಂತ ಇರಬೇಕು. ಓದುತ್ತಿದ್ದ ಪುಟ ಮೈಸೂರಿನ ದಿವಾನರದು. ನಾನು ಸುಳ್ಳು ಹೇಳುತ್ತಿಲ್ಲ. ಅಯ್ಯರ್ ಹೆಸರಿನ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದಳು. ಹೊರಗೆ ಅವರ ಪ್ರತಿಮೆ ನಿಂತಿದೆ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೂ ಅವಳು ಕೂತಿದ್ದದ್ದು ಅವರ ನೆರಳಲ್ಲೇ.

ಸ್ಮಾರಕ ಅಂದರೆ ಕಲ್ಲು ನಿಲ್ಲಿಸಿ ಸುಮ್ಮನಾಗುವುದರ ಬದಲು ಜನ ದಿನಾ ಬಂದು ಕೂರುವಂಥದ್ದು ಕಟ್ಟಿದ್ದು ಒಳ್ಳೆ ಬುದ್ಧಿ. ಅದಕ್ಕೆ ಜನ ಅಯ್ಯರ್ ಹಾಲ್ ಅಂತ ಕರೆಯದೆ ಸೆಂಟ್ರಲ್ ಲೈಬ್ರರಿ ಅಂದರೂ ನನಗೆ ಬೇಜಾರಿಲ್ಲ.

ಕಾಳಿ ಅನ್ನುವ ನಾಯಿ, ಕರಗದ ಕುಂಟೆ

ಕಸ್ತೂರಬಾ ರಸ್ತೆಯ ಬದಿಗೆ ಸರ್ಕಾರಿ ಮ್ಯೂಸಿಯಂ ಇದೆ. ಈಗಿನ ಕಟ್ಟಡ 1877ರದು. ಪಾರ್ಕಿಗೆ ಬರುವ ನೂರಕ್ಕೆ ತೊಂಬತ್ತು ಜನ ಅದರೊಳಗೆ ಹೋಗುವುದಿಲ್ಲ ಅಂತ ನನ್ನ ಅಂದಾಜು. ಹೋದರೆ ಆತಕೂರಿನ ಶಾಸನ ಸಿಗುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲು ಅದು, 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ, ಗಂಗರ ಬೂತುಗ ರಾಷ್ಟ್ರಕೂಟರ ಕಡೆ ನಿಂತು ಗೆದ್ದ. ಬೂತುಗನ ಕಡೆಯ ಮಣಲೆರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಊರಲ್ಲ, ಚಿನ್ನ ಅಲ್ಲ, ಕಾಳಿ ಅನ್ನುವ ಒಂದು ನಾಯಿ. ಆ ನಾಯಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಎರಗಿದ ಕೆತ್ತನೆ ಈಗಲೂ ನಿಚ್ಚಳ. ಹೊರಗೆ ಪಾರ್ಕಿನಲ್ಲಿ ಭಾನುವಾರ ಬೆಳಗ್ಗೆ ಹಸ್ಕಿ, ಲ್ಯಾಬ್ರಡಾರ್, ನಮ್ಮ ಬೀದಿಯ ಇಂಡಿ ನಾಯಿಗಳು ಎಲ್ಲ ತಮ್ಮವರನ್ನು ಎಳೆದುಕೊಂಡು ಓಡಾಡುತ್ತಿರುತ್ತವೆ. ಗೋಡೆ ಆಚೆ ಸಾವಿರ ವರ್ಷದ ಹಿಂದಿನ ಒಂದು ನಾಯಿಗೆ ಇಂಥ ಮರ್ಯಾದೆ ಸಿಕ್ಕಿದೆ ಅಂತ ಅವರಿಗೆ ಹೇಳಿದರೆ ಖಂಡಿತ ಒಳಗೆ ಬರುತ್ತಾರೆ.

ಬೇಗೂರಿನಿಂದ ತಂದ ನಾಗತ್ತರನ ವೀರಗಲ್ಲೂ ಇದೇ ಮ್ಯೂಸಿಯಂನಲ್ಲಿದೆ. ಆನೆ, ಕುದುರೆ, ಬಿದ್ದ ಸೈನಿಕರು, ಇಡೀ ಯುದ್ಧವೇ ಒಂದು ಕಲ್ಲಿನಲ್ಲಿ. ಬೆಂಗಳೂರು ಅನ್ನುವ ಹೆಸರು ಮೊದಲು ಸಿಗುವ ಶಾಸನ ಬೇಗೂರಿನಲ್ಲೇ ಇದೆ, ಅದರಲ್ಲೂ ಇದೇ ನಾಗತ್ತರನ ಹೆಸರು ಬರುತ್ತದೆ. ಈ ಊರಿನವರು ಯಾರೂ ಪಾರ್ಕಿನಲ್ಲಿ ಇಲ್ಲ ಅಂದೆನಲ್ಲ, ಇವನನ್ನು ಲೆಕ್ಕಕ್ಕೆ ಹಿಡಿಯಬಹುದು. ಅವನು ಮಾತ್ರ ಛಾವಣಿ ಕೆಳಗೆ, ಟಿಕೆಟ್ ಆಚೆ.

ಇನ್ನು ಕರಗದ ಕುಂಟೆ. ಪಾರ್ಕಿನೊಳಗೆ ಇರುವ ಪುಟ್ಟ ನೀರಿನ ಜಾಗ. ಪ್ರತಿ ವರ್ಷ ಚೈತ್ರದ ಹುಣ್ಣಿಮೆಗೆ ಮುಂಚೆ, ಬೆಂಗಳೂರು ಕರಗ ಹಬ್ಬದ ಹಸಿ ಕರಗ ಅನ್ನುವ ಆಚರಣೆಗೆ ತಿಗಳ ಸಮುದಾಯದವರು ಇಲ್ಲಿಗೆ ಬರುತ್ತಾರೆ. ಬಿಚ್ಚುಗತ್ತಿ ಹಿಡಿದ ವೀರಕುಮಾರರು, ಮಲ್ಲಿಗೆ, ಪೂಜೆ. ಪಕ್ಕದ ಸಂಪಂಗಿ ಕೆರೆ ಒಣಗಿ ಅಲ್ಲಿ ಕಂಠೀರವ ಕ್ರೀಡಾಂಗಣ ಎದ್ದರೂ, ಕರಗಕ್ಕೆ ಅಂತ ಒಂದು ತುಂಡು ನೀರು ಅಲ್ಲೂ ಉಳಿದುಕೊಂಡಿತು. ಈ ಜನರೇ ಒಂದು ಕಾಲಕ್ಕೆ ಇಲ್ಲಿನ ತೋಟಗಳಲ್ಲಿ ಸೊಪ್ಪು, ಹೂವು ಬೆಳೆದು ಊರಿಗೆ ಕೊಟ್ಟವರು. ಅವರಿಗೆ ಪಾರ್ಕಿನಲ್ಲಿ ಪ್ರತಿಮೆ ಇಲ್ಲ, ಬೋರ್ಡು ಇಲ್ಲ. ಸರ್ಕಾರ ಯಾವ ಹೆಸರೂ ಇಟ್ಟಿಲ್ಲ. ಆದರೂ ಕುಂಟೆಯ ಹೆಸರು ಕರಗದ ಕುಂಟೆ, ಯಾಕಂದ್ರೆ ಅಲ್ಲಿ ಕರಗದವರು ವರ್ಷ ವರ್ಷ ಬರುತ್ತಾರೆ. ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಇದೇ.

1998ರಲ್ಲಿ ಪಾರ್ಕಿನ ಸುಮಾರು ಮೂವತ್ತೆರಡು ಎಕರೆಯನ್ನು ರಕ್ಷಣೆಯ ಪಟ್ಟಿಯಿಂದ ಬಿಡಲು ಸರ್ಕಾರ ಹೊರಟಾಗ ಜನ ಬೀದಿಗೆ ಬಂದರು. ತಿಂಗಳುಗಟ್ಟಲೆ ನಡೆದ ಆ ಹೋರಾಟವನ್ನು ಎಲ್ಲರೂ ನೆನೆಯುವುದು ಕಬ್ಬನ್ ಪಾರ್ಕ್ ಹೋರಾಟ ಅಂತಲೇ. ಆ ಹೆಸರಿಗೆ ಆಗ ಐಲ್ ಆಫ್ ಮ್ಯಾನ್‌ನ ಸಾಹೇಬರ ಜೊತೆ ನಂಟೇ ಉಳಿದಿರಲಿಲ್ಲ. ಅದು ನಮ್ಮ ಮರ, ನಮ್ಮ ಬೆಂಚು ಅನ್ನುವುದಕ್ಕೆ ಇನ್ನೊಂದು ಮಾತು ಆಗಿತ್ತು.

ಏನು ಮಾಡಬಹುದು

2027ಕ್ಕೆ ಹೊಸ ಹೆಸರಿಗೆ ನೂರು ತುಂಬುತ್ತದೆ. ಯಾರಾದರೂ ಆಗ ದೊಡ್ಡ ಸಮಾರಂಭ ಮಾಡಿ, ಇನ್ನು ಮೇಲೆ ಚಾಮರಾಜೇಂದ್ರ ಅಂತಲೇ ಕರೆಯಬೇಕು ಅಂತ ಸುತ್ತೋಲೆ ಹೊರಡಿಸಬಹುದು. ಅದರಿಂದ ಏನೂ ಆಗಲ್ಲ ಅನ್ನೋದಕ್ಕೆ ನೂರು ವರ್ಷದ ಸಾಕ್ಷಿ ಇದೆ. ಹೊಸ ಪ್ರತಿಮೆಯೂ ಬೇಡ, ಇರುವವರನ್ನೇ ಯಾರು ಅಂತ ಹೇಳೋಕೆ ಆಗುತ್ತಿಲ್ಲ.

ನನ್ನ ಕೈಲಾದರೆ ನಾನು ಮಾಡುವುದು ಇಷ್ಟೇ. ಪ್ರತಿ ಪ್ರತಿಮೆಯ ಪಕ್ಕ, ಮಗು ಓದುವ ಎತ್ತರದಲ್ಲಿ, ಸರಳ ಕನ್ನಡದಲ್ಲಿ ಐದಾರು ಸಾಲಿನ ಬೋರ್ಡು. ಕುಂಟೆಗೂ ಒಂದು. ಮ್ಯೂಸಿಯಂ ಗೇಟಿನ ಹೊರಗೆ ಕಾಳಿಯ ಚಿತ್ರ ಹಾಕಿ, ಒಳಗೆ ಬನ್ನಿ ಅಂತ ಒಂದು. ಹೊಗಳಿಕೆ ಬೇಡ, ಬೈಗುಳವೂ ಬೇಡ.

ಕಬ್ಬನ್ ಪ್ರತಿಮೆಗೆ ಒಂದು ಕರಡು ಬರೆದೆ:

"ಮಾರ್ಕ್ ಕಬ್ಬನ್. ಹುಟ್ಟಿದ್ದು 1775, ಐಲ್ ಆಫ್ ಮ್ಯಾನ್. ಒಡೆಯರ ಕೈಯಿಂದ ಬ್ರಿಟಿಷರು ಆಡಳಿತ ತೆಗೆದುಕೊಂಡಿದ್ದ ಕಾಲದಲ್ಲಿ, 1834ರಿಂದ 1861ರವರೆಗೆ, ಮೈಸೂರಿನ ಕಮಿಷನರ್. ಊರಿಗೆ ಹೋಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಈ ಪಾರ್ಕ್ ಆದದ್ದು ಅದಾಗಿ ಒಂಬತ್ತು ವರ್ಷಕ್ಕೆ. ಇದರ ಹೆಸರು 1927ರಿಂದ ಶ್ರೀ ಚಾಮರಾಜೇಂದ್ರ ಪಾರ್ಕ್. ನೀವು ಮಾತ್ರ ಈಗಲೂ ಇವರ ಹೆಸರೇ ಹೇಳುತ್ತೀರಿ."

ಇತಿಹಾಸ ಪಾಠ ಮಾಡುವ ಗೆಳೆಯನಿಗೆ ತೋರಿಸಿದೆ. ಎಲ್ಲ ಸರಿ, ಕೊನೇ ಸಾಲು ತೆಗಿ, ಸರ್ಕಾರಿ ಬೋರ್ಡಿನಲ್ಲಿ ಹಾಗೆಲ್ಲ ಬರೆಯಲ್ಲ ಅಂದ. ನಾನಿನ್ನೂ ತೆಗೆದಿಲ್ಲ.